ಭಾನುವಾರದಿಂದ ನಿಲ್ಲಿಸ್ತೀನಿ

ಡೋಸ್‌ಬರ್ಗ್, ಹೊಳೆದಂಡೆ ಬೀದಿ
ಮಂಗಳವಾರ, ಫೆಬ್ರವರಿ ೧೧, ಊಟವಾದ ಮೇಲೆ

ಪ್ರೀತಿಯ ಟೆಸೆಲ್, ನನ್ನ ಉದ್ದ ಕಾಲಿನ ಮರಿ,

ಮೊದಲು ನಿನ್ನ ಎಡ ಮೊಣಕಾಲಿನ ಸಮಾಚಾರ ಹೇಳು. ರೊಸಾರಿಯೊದಲ್ಲಿ ಈಗ ಬೆಂಕಿಯಂಥ ಬೇಸಿಗೆ ಎಂದು ಟಿವಿಯಲ್ಲಿ ತೋರಿಸಿದರು. ಸೆಕೆಗೆ ಊತ ಹೆಚ್ಚುತ್ತದೆ, ಅಭ್ಯಾಸ ಮುಗಿದ ಕೂಡಲೇ ಐಸ್ ಇಟ್ಟುಕೋ, ಹುಡುಗಿಯರ ಜೊತೆ ಹರಟುತ್ತಾ ಮರೆಯಬೇಡ. ಊಟ ಸರಿಹೋಗುತ್ತಿದೆಯಾ? ಅಲ್ಲಿ ಮೂರು ಹೊತ್ತೂ ಮಾಂಸ ಸುಡುತ್ತಾರಂತೆ, ಬೇಯಿಸಿದ ಆಲೂಗೆಡ್ಡೆ ಸಿಗುತ್ತದೋ ಇಲ್ಲವೋ. ನಾನು ಚೆನ್ನಾಗಿದ್ದೇನೆ. ಎಂಬತ್ತು ತುಂಬಿದವಳು ಎಷ್ಟು ಚೆನ್ನಾಗಿರಬಹುದೋ ಅಷ್ಟು. ಸೊಂಟ ಬೆಳಿಗ್ಗೆ ಏಳುವಾಗ ಒಂದು ಸಲ ಬೈಯುತ್ತದೆ, ಕಾಫಿ ಕುಡಿದ ಮೇಲೆ ಸುಮ್ಮನಾಗುತ್ತದೆ. ನಿನ್ನ ಅಪ್ಪನಿಗೆ ಕೆಮ್ಮು, ಆದರೆ ಬಾಯಿಗೇನೂ ಆಗಿಲ್ಲ. ಇಲ್ಲಿ ಕಾಲುವೆ ಮೇಲೆ ಮಂಜುಗಡ್ಡೆ ಕಟ್ಟಿದೆ, ತೆಳ್ಳಗೆ, ಸ್ಕೇಟು ಕಟ್ಟಿಕೊಂಡು ಇಳಿಯುವಷ್ಟಿಲ್ಲ. ಆದರೂ ಊರಿನ ಗಂಡಸರೆಲ್ಲ ದಿನವೂ ಹೋಗಿ ಹಿಮ್ಮಡಿಯಿಂದ ತಟ್ಟಿ ನೋಡಿ, ತಜ್ಞರ ಹಾಗೆ ತಲೆಯಾಡಿಸಿ ಬರುತ್ತಾರೆ.

ಅಜ್ಜಿ, ನಿನ್ನ ಓಮಾ, ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದು ಗಾಬರಿಯಾಗಬೇಡ. ನಿಮ್ಮ ಫೋನುಗಳನ್ನೆಲ್ಲ ತರಬೇತುದಾರರು ಬುಟ್ಟಿಗೆ ಹಾಕಿಸಿಕೊಂಡಿದ್ದಾರೆ, ಹಾಕಿ ವಿಶ್ವಕಪ್ ಮುಗಿಯುವವರೆಗೆ ಕೊಡುವುದಿಲ್ಲ ಎಂದು ಗೊತ್ತಾಯಿತು. ಒಳ್ಳೆಯದೇ ಆಯಿತು, ಆದರೆ ನಮಗೆ ಒಳ್ಳೆಯದಾಗಲಿಲ್ಲ. ಗೋಲ್‌ಕೀಪರ್ ಹುಡುಗಿಯ ಅಮ್ಮ ಆನೆಮೀಕ್ ನಾಳೆ ವಿಮಾನ ಹತ್ತುತ್ತಾಳೆ, ಎಲ್ಲರ ಮನೆಯ ಕಾಗದಗಳನ್ನೂ ಒಂದು ಚೀಲದಲ್ಲಿ ತರುತ್ತಾಳಂತೆ. ಇವತ್ತು ಸಂಜೆಯ ಒಳಗೆ ಬಂದು ನಮ್ಮದನ್ನು ತೆಗೆದುಕೊಂಡು ಹೋಗುತ್ತಾಳೆ. ಅದಕ್ಕೇ ಪಾತ್ರೆ ಹಾಗೇ ಬಿಟ್ಟು ಕೂತಿದ್ದೇನೆ. ಕೇಳುವುದು ಬಹಳ ಇದೆ, ಆದರೆ ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದೇ ನನಗೆ ಸರಿಯಾಗಿ ತಿಳಿಯುತ್ತಿಲ್ಲ.

ಶನಿವಾರ ನನ್ನ ಹುಟ್ಟುಹಬ್ಬಕ್ಕೆ ನೀನು ಫೋನ್ ಮಾಡಿದೆಯಲ್ಲ, ಆಗ ಇಲ್ಲಿ ಏನು ನಡೆಯುತ್ತಿತ್ತು ಎಂದು ನಿನಗೆ ಹೇಳಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮುಂದಿನ ಕೋಣೆಯಲ್ಲಿ ಕುರ್ಚಿ ಸಾಲದೆ ಪಕ್ಕದ ಮನೆ ಡೀನಿಯ ಕುರ್ಚಿಗಳನ್ನೂ ತಂದು ಸುತ್ತ ಹಾಕಿದ್ದೆವು. ಬಂದವರೆಲ್ಲ ಬಾಗಿಲಿನಿಂದ ಶುರುಮಾಡಿ, ಸುತ್ತ ಕೂತವರ ಕೈ ಒಂದೊಂದಾಗಿ ಕುಲುಕುತ್ತಾ, ನಿನ್ನ ಅಪ್ಪ ಬೆರೆಂಡ್‌ಗೆ "ಅಮ್ಮನಿಗೆ ಎಂಬತ್ತು, ಅಭಿನಂದನೆ", ನಿನ್ನ ಅಮ್ಮನಿಗೆ "ಅತ್ತೆಗೆ ಎಂಬತ್ತು, ಅಭಿನಂದನೆ", ಡೀನಿಗೆ "ಪಕ್ಕದ ಮನೆಯವಳಿಗೆ ಎಂಬತ್ತು, ಅಭಿನಂದನೆ" ಎನ್ನುತ್ತಾ ಕೊನೆಗೆ ನನ್ನ ಹತ್ತಿರ ಬರುತ್ತಿದ್ದರು. ಹುಟ್ಟಿದವಳು ನಾನು, ಅಭಿನಂದನೆ ಇಡೀ ಬೀದಿಗೆ. ಅಷ್ಟು ಹೊತ್ತಿಗೆ ನನ್ನ ಬಾಯಿಯಿಂದ "ನಿಮಗೂ ಅಭಿನಂದನೆ" ಬಿಟ್ಟು ಬೇರೆ ಮಾತು ಬರುವುದೇ ನಿಂತುಹೋಗಿತ್ತು. ಪೋಸ್ಟ್‌ಮನ್ ಬಂದು ವಿದ್ಯುತ್ ಬಿಲ್ಲು ಕೊಟ್ಟರೆ ಅವನಿಗೂ "ನಿಮಗೂ ಅಭಿನಂದನೆ" ಎಂದೆ, ಪಾಪ, ಅವನು ಟೋಪಿ ತೆಗೆದು ನಮಸ್ಕಾರ ಮಾಡಿ ಹೋದ. ಆ ಗದ್ದಲದಲ್ಲಿ ನಿನ್ನ ಫೋನು. ಡೀನಿ ಕೂಗಿದಳು, "ಬಾಯ್ಮುಚ್ಕೊಂಡ್ ಕೂತ್ಕೊಳ್ರೋ, ಅರ್ಜೆಂಟೀನಾದಿಂದ ಮಗು ಮಾತಾಡ್ತಾ ಐತೆ!" ನೀನು ಹಾಡಿದೆ, ನಾನು ನಕ್ಕೆ. ಆಮೇಲೆ ನೀನು ಹೇಳಿದೆ, "ಓಮಾ, ಭಾನುವಾರದಿಂದ ನಾನು ನಿಲ್ಲಿಸ್ತೀನಿ" ಅಂತ. ನಾನೇನಂದೆ ಎಂದು ನಿನಗೆ ಗೊತ್ತು. "ನಿನಗೂ ಅಭಿನಂದನೆ, ಮಗಳೇ" ಎಂದೆ. ಅಷ್ಟರಲ್ಲಿ ಫೋನು ಹೋಯಿತು.

ರಿಸೀವರ್ ಇಟ್ಟು ತಿರುಗಿದರೆ ಎಲ್ಲರ ಕಣ್ಣೂ ನನ್ನ ಮೇಲೆ. ನಿನ್ನ ಅಪ್ಪ ಕೇಕು ಕೊಯ್ಯುವ ಚಾಕು ಎತ್ತಿಕೊಂಡೇ ಕೇಳಿದ, "ಏನಂದ್ಳು?" ಮುಂದಿನ ಭಾನುವಾರ, ಮೊದಲ ಪಂದ್ಯದ ದಿನದಿಂದ್ಲೇ ನಿಲ್ಲಿಸ್ತಾಳಂತೆ ಎಂದೆ. "ಏನ್ ನಿಲ್ಲಿಸ್ತಾಳೆ?" ನಿಲ್ಲಿಸ್ತೀನಿ ಅಂದ್ಳಪ್ಪ, ಲೈನ್ ಕೆಟ್ಟಿತ್ತು, ಅಷ್ಟೇ ಕೇಳಿಸಿದ್ದು ಎಂದೆ. "ನೀನೇನಂದೆ?" ಅಭಿನಂದನೆ ಅಂದೆ. "ಅಭಿನಂದನೆನಾ! ಅಮ್ಮಾ! ಮಗು ಆಟ ಬಿಡ್ತೀನಿ ಅಂದ್ರೆ ಅಭಿನಂದನೆ ಅಂತೀಯಲ್ಲ, ನಿಂಗೇನಾಯ್ತು?" ಎಂದು ಚಾಕುವನ್ನು ಕೇಕಿನಲ್ಲೇ ನೆಟ್ಟುಬಿಟ್ಟ. ಕೂಡಲೇ ನಿನಗೆ ಫೋನ್ ಮಾಡಿದ, ಅಷ್ಟರಲ್ಲಿ ನಿನ್ನ ಫೋನು ಬುಟ್ಟಿ ಸೇರಿಯಾಗಿತ್ತು. ನಿನ್ನ ಅಮ್ಮ ಕಾರ್ಲೀನ್ ಕಾಫಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ನಮ್ಮ ಮನೆಯಲ್ಲಿ ಒಬ್ಬರಿಗೆ ಒಂದೇ ಬಿಸ್ಕತ್ತು ಎಂಬ ನಿಯಮ ಗೊತ್ತಲ್ಲ, ಆ ಹೊತ್ತಿನಲ್ಲಿ ನಾನು ಡಬ್ಬಿ ಮುಚ್ಚುವುದನ್ನು ಮರೆತೆ, ಡೀನಿ ನಾಲ್ಕು ತಿಂದಳು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮೂರಿನವರು. ಮರುದಿನ ಚರ್ಚಿನಿಂದ ಹೊರಬರುವಷ್ಟರಲ್ಲಿ ಸುದ್ದಿ ಹೊಳೆ ದಾಟಿತ್ತು. ಬೇಕರಿಯಲ್ಲಿ ಡೀನಿ ಹೇಳಿದ್ದೇ ಹೇಳಿದ್ದು, "ಇಪ್ಪತ್ತೆಂಟಕ್ಕೇ ಸಾಕಂತೆ. ಮಂಡಿ ಹೋಗೈತೆ ಅಂತ ನಾನ್ ಮೊದ್ಲೇ ಹೇಳಿದ್ದೆ." ಮೊದಲೇ ಎಂದೂ ಹೇಳಿರಲಿಲ್ಲ. ಯಾರೋ ಬಂದು ನನಗೆ ಹೂ ಕೊಟ್ಟು ಹೋದರು, ಹುಟ್ಟುಹಬ್ಬಕ್ಕೋ ಸಂತಾಪಕ್ಕೋ ಎಂದು ತಿಳಿಯದೆ ಎರಡಕ್ಕೂ ಸೇರಿಸಿ ಥ್ಯಾಂಕ್ಸ್ ಹೇಳಿದೆ. ನಿನ್ನ ಹಳೆಯ ಕ್ಲಬ್ಬಿನವರು ಸುಮ್ಮನಿರುತ್ತಾರೆಯೇ? ಸಂಜೆಗೆ ಗೇಟಿಗೆ ಉದ್ದದ ಬಟ್ಟೆ ಕಟ್ಟಿದರು, "ಎಲ್ಲದಕ್ಕೂ ಧನ್ಯವಾದ, ಟೆಸೆಲ್" ಎಂದು ಕಿತ್ತಳೆ ಬಣ್ಣದಲ್ಲಿ ಬರೆದು. ಬೆರೆಂಡ್ ಮಾತ್ರ ಕಿಟಕಿಗೆ ಕಟ್ಟಿದ್ದ ಬಾವುಟಗಳನ್ನೆಲ್ಲ ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚಿ ಮಡಿಸುತ್ತಾ ಶೆಡ್ಡಿನಲ್ಲಿ ಕೂತ. ಪಂದ್ಯಗಳನ್ನು ನೋಡಲೆಂದೇ ರಜೆ ಹಾಕಿದ್ದಾನೆ, ರಜೆಯಲ್ಲಿ ಏನು ಮಾಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಸೂಪು ಒಯ್ದು ಕೊಟ್ಟರೆ, "ಇಷ್ಟ್ ವರ್ಷ ಕಾದು, ಕೈಗ್ ಬಂದಾಗ ಯಾರಾದ್ರೂ ಬಿಡ್ತಾರಾ ಅಮ್ಮಾ? ಹೇಳು, ಬಿಡ್ತಾರಾ?" ಎಂದ. ಸೂಪು ಆರಿಹೋಗುತ್ತೆ, ಕುಡಿ ಎಂದೆ.

ನನ್ನ ವಿಷಯ ಹೇಳುತ್ತೇನೆ, ಬೆರೆಂಡ್ ಇದನ್ನು ಓದಿದರೂ ಓದಲಿ. ನೀನು ನಿಲ್ಲಿಸುತ್ತೀಯ ಎಂದಾಗ ನನಗೆ ಸಂತೋಷವಾಯಿತೋ ದುಃಖವಾಯಿತೋ ಎಂದು ಈ ಗಳಿಗೆಯವರೆಗೂ ಗೊತ್ತಿಲ್ಲ. ಒಂದು ಕ್ಷಣ, ದೇವರೇ, ಇನ್ನು ಆ ಮೊಣಕಾಲಿಗೆ ಯಾರೂ ಕೋಲು ಬೀಸುವುದಿಲ್ಲ ಎಂದು ಎದೆ ಹಗುರವಾಯಿತು. ಮರುಕ್ಷಣವೇ ನನ್ನ ಭಾನುವಾರಗಳ ಗತಿ ಏನು ಎಂದು ಅಳು ಬಂತು. ಬೆರೆಂಡ್ ಕಾರು ತಂದು ಹಾರ್ನ್ ಹೊಡೆಯುವುದು, ಕಂಬಳಿ, ಫ್ಲಾಸ್ಕು, ಮೈದಾನದ ಬದಿಯಲ್ಲಿ ಬೇರೆ ಹುಡುಗಿಯರ ಅಜ್ಜಿಯರ ಜೊತೆ ಕೂತು ಅಂಪೈರ್‌ಗೆ ಬೈಯುವುದು, ಇದೆಲ್ಲ ನಿಂತರೆ ನಾನು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕೂತು ಗಡಿಯಾರಕ್ಕೆ ಬೈಯಬೇಕು. ಮುದುಕಿಗೆ ಎಷ್ಟು ಸ್ವಾರ್ಥ ನೋಡು. ಸಂತೋಷಪಟ್ಟದ್ದಕ್ಕೆ ನಾಚಿಕೆ, ಅತ್ತದ್ದಕ್ಕೂ ನಾಚಿಕೆ. ಎರಡು ದಿನ ಉಪ್ಪಿಲ್ಲದ ಅಡುಗೆ ಮಾಡಿದೆ, ಯಾರೂ ಗಮನಿಸಲಿಲ್ಲ.

ಕೆಲಸ ಮಾಡುತ್ತಾ ನಿನ್ನ ಹಾಕಿಯ ಕಥೆಯನ್ನೆಲ್ಲ ಮೊದಲಿನಿಂದ ನೆನಪು ಮಾಡಿಕೊಂಡೆ, ಎಲ್ಲಿಯಾದರೂ ಸುಳಿವು ಸಿಗುತ್ತದೆಯೋ ಎಂದು. ನಿನಗೆ ಹಾಕಿ ಹಚ್ಚಿದ್ದು ನಾವಲ್ಲ, ಹೊಳೆ. ಆ ಚಳಿಗಾಲ ಐಸೆಲ್ ಹೊಳೆ ಉಕ್ಕಿ ಫುಟ್‌ಬಾಲ್ ಮೈದಾನ ಮುಳುಗಿತು, ಹಾಕಿಯವರ ಪ್ಲಾಸ್ಟಿಕ್ ಹುಲ್ಲು ದಿಬ್ಬದ ಮೇಲಿದ್ದದ್ದರಿಂದ ಒಣಗಿತ್ತು. ಮನೆಯಲ್ಲಿ ನಿನ್ನ ಕಾಟ ತಡೆಯಲಾರದೆ ಬೆರೆಂಡ್ ಅಲ್ಲಿಗೆ ಕರೆದುಕೊಂಡು ಹೋದ. ನಿನ್ನ ಓಪಾ, ನನ್ನ ಗಂಡ, ಸಾಸಿವೆ ಕಾರ್ಖಾನೆಯಿಂದ ಬಂದವನೇ ಕೂಗಾಡಿದ, "ಬಾಯಲ್ಲಿ ಬಿಸಿ ಆಲೂಗೆಡ್ಡೆ ಇಟ್ಕೊಂಡು ಮಾತಾಡೋ ಶ್ರೀಮಂತರ ಆಟ ಅದು! ಬೆನ್ನು ಬಗ್ಗಿಸಬೇಕು ಅಂದ್ರೆ ಮನೇಲೇ ಬೇಕಾದಷ್ಟು ಕೆಲ್ಸ ಐತೆ, ಕೋಲು ಯಾಕೆ?" ಆರು ವರ್ಷದ ನೀನು ಹಿತ್ತಲಿಗೆ ಹೋಗಿ ಶೆಡ್ಡಿನ ಗೋಡೆಗೆ ಚೆಂಡು ಹೊಡೆದೆ, ಬಂದದ್ದನ್ನು ಹಿಡಿದೆ, ಮತ್ತೆ ಹೊಡೆದೆ. ಊಟಕ್ಕೆ ಕರೆದರೂ ಬರಲಿಲ್ಲ. ಕೊನೆಗೆ ಓಪಾನೇ ಹೊರಗೆ ಬಂದು, "ಹಾಳಾಗ್ ಹೋಗ್ಲಿ, ಕೋಲು ಉದ್ದ ಆಯ್ತು, ಕೊಡಿಲ್ಲಿ" ಎಂದು ಗರಗಸ ತೆಗೆದುಕೊಂಡ. ಹಾಗೆ ಕೊಯ್ದ ಕೋಲನ್ನು ನೋಡಿ ಕ್ಲಬ್ಬಿನವರು ನಕ್ಕರು. ಆಟ ನೋಡಿದ ಮೇಲೆ ನಗಲಿಲ್ಲ. ಹದಿನಾರಕ್ಕೆ ದೊಡ್ಡ ಊರಿನ ದೊಡ್ಡ ಕ್ಲಬ್ಬು, ಬೇರೆಯವರ ಮನೆಯಲ್ಲಿ ವಾಸ. ಫೋನಿನಲ್ಲಿ, "ಓಮಾ, ಇವ್ರ ಮನೇಲಿ ಬೆಣ್ಣೆಗೂ ಬೇರೆ ಚಾಕು" ಎಂದು ಅತ್ತದ್ದು ನೆನಪಿದೆಯಾ?

ಆಮೇಲೆ ಒಲಿಂಪಿಕ್ಸ್. ಹದಿನಾರು ಜನ ತಂಡಕ್ಕೆ, ನೀನು ಹದಿನೇಳನೆಯವಳು. ಯಾರಿಗಾದರೂ ಪೆಟ್ಟಾದರೆ ಮಾತ್ರ ಒಳಗೆ. ಯಾರಿಗೂ ಆಗಲಿಲ್ಲ, ಆಗಲಿ ಎಂದು ನೀನು ಬಯಸುವವಳೂ ಅಲ್ಲ. ನಾನು ಮಾತ್ರ ಯಾರದಾದರೂ ಹಿಮ್ಮಡಿ ಸ್ವಲ್ಪ, ಬಹಳ ಅಲ್ಲ, ಉಳುಕಲಿ ಎಂದು ಪ್ರಾರ್ಥನೆ ಮಾಡಿದೆ. ದೇವರು ಕಿವಿಗೊಡಲಿಲ್ಲ. ನಮ್ಮ ಹುಡುಗಿಯರು ಗೆದ್ದರು. ಈ ದೇಶದಲ್ಲಿ ಅವರು ಗೆದ್ದರೆ ಸುದ್ದಿಯೇ ಅಲ್ಲ, ಸೋತರೆ ಸುದ್ದಿ. ಹದಿನಾರು ಪದಕ ಬಂದವು, ನೀನು ಪ್ರೇಕ್ಷಕರ ನಡುವೆ ನಿಂತು ಚಪ್ಪಾಳೆ ತಟ್ಟಿದ್ದು ಟಿವಿಯಲ್ಲಿ ಒಂದು ಗಳಿಗೆ ಕಾಣಿಸಿತು, ಬೆರೆಂಡ್ ಎದ್ದು ನಿಂತ. ಊರಿಗೆ ಬಂದಾಗ ಡೀನಿ ಬಾಗಿಲಲ್ಲೇ, "ಎಲ್ಲಮ್ಮಾ ಪದಕ, ತೋರ್ಸು" ಎಂದಳು. ನೀನು ನಕ್ಕು, "ಅಂಗಡೀಲಿ ಮುಗಿದೋಗಿತ್ತು, ಡೀನಿ ಆಂಟಿ" ಎಂದೆ. ಒಳಗೆ ಬಂದು ಸಾಸಿವೆ ಸೂಪು ಮೂರು ಬಟ್ಟಲು ಕುಡಿದೆ. ಮರುವರ್ಷ ಮೊಣಕಾಲು, ಆಸ್ಪತ್ರೆ, ಊರುಗೋಲು. ಆ ಊರುಗೋಲಿನಲ್ಲೂ ಹಿತ್ತಲಲ್ಲಿ ಚೆಂಡು ತಳ್ಳುತ್ತಿದ್ದೆ. ಹೀಗೆಲ್ಲ ಆದ ಮೇಲೆ ಈ ಸಲ ವಿಶ್ವಕಪ್‌ಗೆ ನಿನ್ನ ಹೆಸರು ಒಳಗೇ ಬಂತು, ಹೊರಗೆ ಕಾಯುವವಳಾಗಿ ಅಲ್ಲ. ಅಂಥವಳು ಮೊದಲ ಪಂದ್ಯದ ದಿನವೇ ನಿಲ್ಲಿಸುತ್ತಾಳೆಯೇ? ಸಾಧ್ಯವೇ ಇಲ್ಲ ಎಂದುಕೊಂಡೆ.

ಹಾಗೆ ಅಂದುಕೊಂಡ ಮೇಲೆ ಇನ್ನೊಂದು ಮಗ್ಗುಲು ನೆನಪಾಗುತ್ತದೆ. ಸೂಲಗಿತ್ತಿ ಶಾಲೆಯಲ್ಲಿ ಮೂರನೆಯ ವರ್ಷಕ್ಕೆ ಬಿಟ್ಟು ಬಂದೆಯಲ್ಲ, ಅಲ್ಲಿನ ಟೀಚರಮ್ಮ ಪ್ರತಿ ಬೇಸಿಗೆ ಫೋನ್ ಮಾಡಿ, "ಈ ವರ್ಷವಾದರೂ ಬರುತ್ತಾಳಾ?" ಎಂದು ಕೇಳುತ್ತಾರೆ. ಬೆರೆಂಡ್ ಪ್ರತಿ ಸಲ, "ಮುಂದಿನ ವರ್ಷ ನೋಡೋಣ" ಎನ್ನುತ್ತಾನೆ. ಹೋದ ಬೇಸಿಗೆ ನೀನು ಪಕ್ಕದಲ್ಲೇ ಬಟಾಣಿ ಬಿಡಿಸುತ್ತಾ ಕೂತಿದ್ದೆ, ತಲೆಯೆತ್ತಲಿಲ್ಲ. ಯುರೋಪ್ ಕಪ್ ಗೆದ್ದು ಬಂದ ದಿನ ಹೇಗಿತ್ತು ಮಗಳೇ ಎಂದು ಕೇಳಿದರೆ, "ಚೆನ್ನಾಗಿತ್ತು, ಓಮಾ. ಇನ್ನೊಂಚೂರು ಸೂಪ್ ಇದ್ಯಾ?" ಎಂದೆ. ನಾನು ಸೂಪು ಬಡಿಸಿದೆ. ಆಗ ಅದು ಹಸಿವು ಎಂದುಕೊಂಡಿದ್ದೆ, ಈಗ ಏನೆಂದುಕೊಳ್ಳಬೇಕೋ ತಿಳಿಯದು. ಹೀಗೆ ಅಂದರೆ ಹೀಗೆ, ಹಾಗೆ ಅಂದರೆ ಹಾಗೆ. ಯೋಚಿಸಿ ಯೋಚಿಸಿ ಒಲೆಯ ಮೇಲೆ ಹಾಲು ಉಕ್ಕಿಸಿದ್ದೇ ಬಂತು.

ನಿನ್ನೆ ಬೆಳಿಗ್ಗೆ ಬೆರೆಂಡ್‌ಗೆ ತಡೆಯಲಾಗಲಿಲ್ಲ. ನಿಮ್ಮ ತಂಡದ ಮ್ಯಾನೇಜರ್‌ಗೆ ಸಂದೇಶ ಕಳಿಸಿದ, "ಟೆಸೆಲ್ ಭಾನುವಾರದಿಂದ ನಿಲ್ಲಿಸುತ್ತಾಳೆ ಎಂದು ಕೇಳಿದೆವು, ನಿಜವೇ?" ಎಂದು. ಅವರು ಪುಣ್ಯಾತ್ಮರು ಅರ್ಧ ಗಂಟೆಯಲ್ಲಿ ಉತ್ತರ ಕೊಟ್ಟರು. "ನಿಜ! ಭಾನುವಾರದಿಂದ ಅವಳೇ ನಿಲ್ಲಿಸುವುದು. ನಮಗೆಲ್ಲ ತುಂಬಾ ಸಂತೋಷವಾಗಿದೆ." ಬೆರೆಂಡ್ ಅದನ್ನು ಗಟ್ಟಿಯಾಗಿ ಓದಿದ, ಆಮೇಲೆ ಇನ್ನೂ ಗಟ್ಟಿಯಾಗಿ ಓದಿದ. "ಸಂತೋಷವಂತೆ! ಅಮ್ಮಾ, ಕೇಳ್ದ್ಯಾ? ಇಪ್ಪತ್ತು ವರ್ಷ ಬೆವರು ಸುರಿಸಿದೋಳು ಬಿಟ್ಟು ಹೋಗ್ತಾಳೆ ಅಂದ್ರೆ ಇವ್ರಿಗೆ ಸಂತೋಷವಂತೆ! ಥೂ!" ಎಂದು ಶೆಡ್ಡಿನ ಬಾಗಿಲಿಗೆ ಒದ್ದು ಕಾಲು ನೋಯಿಸಿಕೊಂಡ. ವಿಮಾನ ಹತ್ತಿ ಅಲ್ಲಿಗೇ ಹೋಗಿ ಕೇಳುತ್ತೇನೆ ಎಂದ. ಕಾರ್ಲೀನ್ ಅವನ ಕಾಲಿಗೆ ತಣ್ಣೀರು ಬಟ್ಟೆ ಕಟ್ಟುತ್ತಾ, "ಮೊದ್ಲು ಅಡುಗೆಮನೆವರ್ಗೆ ನಡೆದು ತೋರ್ಸು" ಎಂದಳು.

ಅಷ್ಟು ಹೊತ್ತಿಗೆ ಕ್ಲಬ್ಬಿನ ಅಧ್ಯಕ್ಷ ಫ್ಲೋರಿಸ್ ಬಂದರು, ನಿನ್ನ ಬೀಳ್ಕೊಡುಗೆಗೆ ಯಾವ ದಿನ ಅನುಕೂಲ ಎಂದು ಕೇಳಲು. ಅವರ ಬಾಯಲ್ಲಿ ಆಲೂಗೆಡ್ಡೆ ಇನ್ನೂ ಬಿಸಿಯಾಗಿಯೇ ಇದೆ. ಬೆರೆಂಡ್ ಫೋನನ್ನು ಅವರ ಮೂಗಿನ ಹತ್ತಿರ ಹಿಡಿದ. ಅವರು ಕನ್ನಡಕ ಹಾಕಿಕೊಂಡು ಓದಿ, ಗಂಟಲು ಸರಿಮಾಡಿಕೊಂಡು ಹೇಳಿದರು, "ಬೆರೆಂಡ್ ಅವರೇ, ತಾವು ದಯವಿಟ್ಟು ಕೋಪ ಮಾಡಿಕೊಳ್ಳಬಾರದು. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡು ನಿಲ್ಲಿಸುವವಳು ಸಾಂಡರೈನ್ ಅಲ್ಲವೇ? ಶುಕ್ರವಾರ ಅಭ್ಯಾಸದಲ್ಲಿ ಆಕೆಯ ಬೆರಳು ಮುರಿದಿದೆ ಎಂದು ಕೇಳಿದೆ. ಬಹುಶಃ ಇನ್ನು ಮುಂದೆ ನಮ್ಮ ಟೆಸೆಲ್ ನಿಲ್ಲಿಸುತ್ತಾಳೆ." ನಮಗೆ ಕಾರ್ನರ್ ಗೊತ್ತಿಲ್ಲ ಎಂದಲ್ಲ. ಒಬ್ಬಳು ಗೆರೆಯಿಂದ ಚೆಂಡು ತಳ್ಳುತ್ತಾಳೆ, ಒಬ್ಬಳು ವೃತ್ತದ ಅಂಚಿನಲ್ಲಿ ಅದನ್ನು ಕೋಲಿನಿಂದ ನಿಲ್ಲಿಸುತ್ತಾಳೆ, ಮೂರನೆಯವಳು ಗೋಲಿಗೆ ಹೊಡೆಯುತ್ತಾಳೆ, ಪೇಪರಿನಲ್ಲಿ ಮೂರನೆಯವಳ ಫೋಟೋ ಬರುತ್ತದೆ. ಇಪ್ಪತ್ತು ವರ್ಷ ನೋಡಿದ್ದೇನೆ. ಆದರೆ ನೀನು ಯಾವತ್ತೂ ಹಿಂದೆ ನಿಂತು ಕಾಯುವವಳು, ಆ ಕೆಲಸ ನಿನ್ನದಾಗಬಹುದು ಎಂದು ಒಬ್ಬರ ತಲೆಗೂ ಹೋಗಲಿಲ್ಲ. ಬೆರೆಂಡ್ ಫ್ಲೋರಿಸ್ ಅವರನ್ನು ತಬ್ಬಿಕೊಂಡುಬಿಟ್ಟ. ಅಧ್ಯಕ್ಷರಿಗೆ ಅಂಥದ್ದೆಲ್ಲ ಅಭ್ಯಾಸವಿಲ್ಲ, ಟೋಪಿ ಬಿದ್ದುಹೋಯಿತು. ಇಡೀ ತಂಡದ ಕಾರ್ನರ್ ನಿನ್ನ ಕೋಲಿನ ಮೇಲೆ ನಿಂತಿದೆ ಎಂದು ಅವನು ಅಮ್ಮನಿಗೂ ಹೆಂಡತಿಗೂ ಬೀದಿಯಲ್ಲಿ ಹೋಗುವವರಿಗೂ ಹೇಳಿದ್ದಾಯಿತು.

ಈಗ ಬಾವುಟಗಳು ಮತ್ತೆ ಕಿಟಕಿಗೆ ಬಂದಿವೆ. ಕ್ಲಬ್ಬಿನ ಬಟ್ಟೆಯನ್ನು ದಂಡ ಮಾಡುವುದು ಯಾಕೆ ಎಂದು ಅದನ್ನೇ ತಿರುಗಿಸಿ ಹಿಂಬದಿಯಲ್ಲಿ "ನಿಲ್ಲಿಸು, ಟೆಸೆಲ್!" ಎಂದು ಬರೆದು ಕಟ್ಟಿದ್ದಾರೆ. ಹಳೆಯ ಧನ್ಯವಾದವೂ ಬಿಸಿಲಿಗೆ ಬಟ್ಟೆಯೊಳಗಿಂದ ಕಾಣಿಸಿ, ದಾರಿಹೋಕರಿಗೆ ತಲೆಬುಡ ತಿಳಿಯುತ್ತಿಲ್ಲ. ಡೀನಿ ಬೇಕರಿಯಲ್ಲಿ, "ನಾನ್ ಮೊದ್ಲೇ ಹೇಳಿದ್ದೆ, ಅವ್ಳು ಬಿಡೋ ಪೈಕಿ ಅಲ್ಲ" ಎನ್ನುತ್ತಿದ್ದಾಳೆ. ಬೆರೆಂಡ್ ಇವತ್ತು ಕೆಮ್ಮುತ್ತಾ ಶಿಳ್ಳೆ ಹೊಡೆಯುತ್ತಿದ್ದಾನೆ, ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎಂದು ಕೇಳಬೇಡ. ಭಾನುವಾರ ಎಲ್ಲರೂ ನಮ್ಮ ಮನೆಯಲ್ಲೇ ಸೇರಿ ಟಿವಿ ನೋಡುವುದೆಂದು ತೀರ್ಮಾನವಾಗಿದೆ. ಡೀನಿಯ ಕುರ್ಚಿಗಳನ್ನು ವಾಪಸು ಕೊಡಲಿಲ್ಲ, ಬಿಸ್ಕತ್ತಿನ ಡಬ್ಬಿಯನ್ನು ಮಾತ್ರ ಈ ಸಲ ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ. ನಾನೂ ಎಲ್ಲರ ಜೊತೆ ನಕ್ಕೆ, ಬಹಳ ನಕ್ಕೆ, ನಕ್ಕು ಸುಸ್ತಾಯಿತು.

ಕೋಲನ್ನು ಬಿಗಿಯಾಗಿ ಹಿಡಿಯಬೇಡ, ಚೆಂಡು ಪುಟಿಯುತ್ತದೆ ಎಂದು ನಿನ್ನ ಅಪ್ಪ ಬರೆಯಲು ಹೇಳಿದ. ನಿನಗೆ ಗೊತ್ತಿಲ್ಲದ್ದೇನಲ್ಲ. ಬಿಸಿಲಿಗೆ ಟೋಪಿ ಹಾಕಿಕೋ, ನೀರು ಕುಡಿ, ಸಾಂಡರೈನ್ ಹುಡುಗಿಗೆ ನನ್ನ ಪರವಾಗಿ ಬೆರಳು ಬೇಗ ಕೂಡಲಿ ಎಂದು ಹೇಳು. ಅವಳ ಅಜ್ಜಿ ನನ್ನ ಪಕ್ಕ ಕೂರುವವಳು, ಈಗ ನನ್ನ ಮುಖ ನೋಡುತ್ತಾಳೋ ಇಲ್ಲವೋ. ನಿನ್ನ ಅಪ್ಪ, ಅಮ್ಮ ಇಬ್ಬರ ಮುತ್ತೂ ಇದರೊಳಗಿದೆ. ದೇವರು ನಿನ್ನ ಕಾಲನ್ನೂ ಕೈಯನ್ನೂ ಕಾಯಲಿ, ಮನಸ್ಸನ್ನು ಅದಕ್ಕಿಂತ ಹೆಚ್ಚಾಗಿ ಕಾಯಲಿ.

ನಿನ್ನನ್ನು ಯಾವಾಗಲೂ ನೆನೆಯುವ,
ಓಮಾ ರೀಕ್

ತಾ.ಕ. ಬೆರೆಂಡ್ ಕಾಗದವನ್ನೆಲ್ಲ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಗೇಟು ತೆಗೆಯಲು ಹೋದ. ಆನೆಮೀಕ್‌ಳ ಕಾರು ಬೀದಿಗೆ ತಿರುಗಿದೆ. ಬೇಗ ಬರೆಯುತ್ತೇನೆ, ಅಕ್ಷರ ನೋಡಬೇಡ. ಟೆಸೆಲ್, ಫೋನಿನ ಲೈನು ಕೆಟ್ಟಿತ್ತು ಎಂದು ಇವರಿಗೆಲ್ಲ ಹೇಳಿದ್ದೇನೆ. ಕೆಟ್ಟಿರಲಿಲ್ಲ. ನಿಲ್ಲಿಸ್ತೀನಿ ಎಂದ ಮೇಲೆ ನಿನ್ನ ಉಸಿರು ಕೇಳುತ್ತಿತ್ತು. ಆಮೇಲೆ ಮೆಲ್ಲಗೆ, "ಪರವಾಗಿಲ್ವಾ, ಓಮಾ?" ಎಂದೆ. ಅದಕ್ಕೆ ನಾನು ಅಭಿನಂದನೆ ಎಂದದ್ದು. ಚೆಂಡು ನಿಲ್ಲಿಸುವುದಕ್ಕೆ ಯಾರಾದರೂ ಅಜ್ಜಿಯನ್ನು ಪರವಾಗಿಲ್ವಾ ಎಂದು ಕೇಳುತ್ತಾರೆಯೇ? ನಾನು ತಪ್ಪು ತಿಳಿದಿರಬಹುದು, ಮೂರು ದಿನದಿಂದ ಇಲ್ಲಿ ಎಲ್ಲರೂ ತಪ್ಪೇ ತಿಳಿಯುತ್ತಿದ್ದೇವೆ. ತಪ್ಪಾಗಿದ್ದರೆ ಇದನ್ನು ಹರಿದು ಹಾಕಿ ಹೋಗಿ ಆಡು. ತಪ್ಪಲ್ಲದಿದ್ದರೆ ಶನಿವಾರ ನಾನು ಕೊಡಬೇಕಾಗಿದ್ದ ಉತ್ತರ ಇದು: ಪರವಾಗಿಲ್ಲ, ಮಗಳೇ. ಭಾನುವಾರವೇ ಆದರೂ, ಮೊದಲ ಪಂದ್ಯಕ್ಕೆ ಮುಂಚೆಯೇ ಆದರೂ ಪರವಾಗಿಲ್ಲ. ಊರಿನವರು ಏನಾದರೂ ಅಂದುಕೊಳ್ಳಲಿ, ನೀನು ಮನೆಗೆ ಬಾ. ನಿನ್ನ ಅಪ್ಪನನ್ನು ನನಗೆ ಬಿಡು, ಅವನನ್ನು ಹೆತ್ತವಳು ನಾನು.